ತಗಡಿನ ಕೋಣೆಯಲ್ಲಿ ಹಾಲು ಉಕ್ಕಿಸಿದ್ದು

ನಮ್ಮ ಸರ್ಕಾರಿ ಶಾಲೆ ಇರುವುದು ಬ್ಯಾಡರಹಳ್ಳಿಯ ಆಚೆ. ಅದರ ಹಳೆಯ ಕಟ್ಟಡದಲ್ಲಿ ಬಿರುಕು ಬಿಟ್ಟಿದ್ದ ಎರಡು ಕೋಣೆಗಳನ್ನು ಕೆಡವಿದ ಮೇಲೆ ನಾನು ನಾಲ್ಕು ತಿಂಗಳು ಮೂರನೇ ತರಗತಿಗೆ ವರಾಂಡದಲ್ಲಿ, ಬಿಸಿಯೂಟದ ಪಾತ್ರೆಗಳ ಪಕ್ಕದಲ್ಲಿ ಪಾಠ ಮಾಡಿದೆ. ಆಮೇಲೊಂದು ದಿನ ಲಾರಿಯಲ್ಲಿ ಎರಡು ತಗಡಿನ ಕೋಣೆಗಳು ಬಂದವು. ಗೋಡೆ, ಚಾವಣಿ, ಕಿಟಕಿ, ಬಾಗಿಲು ಎಲ್ಲ ಕಾರ್ಖಾನೆಯಲ್ಲೇ ಜೋಡಿಸಿ ತಂದಿದ್ದರು. ಕ್ರೇನಿನಿಂದ ಇಳಿಸಿದ್ದಷ್ಟೇ ಕೆಲಸ. ಆ ದಿನ ನನಗಾದ ಸಂತೋಷವನ್ನು ಈಗ ಮುಚ್ಚಿಡುವುದಿಲ್ಲ.

“ಆರೇ ತಿಂಗಳು ಮೇಡಂ. ಅಷ್ಟರಲ್ಲಿ ಪಕ್ಕಾ ಬಿಲ್ಡಿಂಗ್ ಎದ್ದಿರುತ್ತೆ,” ಎಂದರು ಜೊತೆಗೆ ಬಂದಿದ್ದ ಎಂಜಿನಿಯರು.

ಮಕ್ಕಳನ್ನು ಒಳಗೆ ಕೂರಿಸುವ ಮುನ್ನ ಹಾಲು ಉಕ್ಕಿಸೋಣ ಎಂದವಳು ನಾನೇ.

ಮುಖ್ಯೋಪಾಧ್ಯಾಯಿನಿ ನಕ್ಕರು. “ಇದೇನ್ ಗೃಹಪ್ರವೇಶಾನಾ ಮೇಡಂ?”

“ಬಾಡಿಗೆ ಮನೆಗೆ ಹೋದ್ರೂ ಉಕ್ಕಿಸ್ತೀವಲ್ಲ ಮೇಡಂ. ಮಕ್ಕಳು ಕೂರೋ ಜಾಗ ಇದು,” ಎಂದು ಬಿಸಿಯೂಟದ ಆಂಟಿ ತಾವೇ ಒಲೆ ತಂದಿಟ್ಟರು. ತಾಯಂದಿರು ಮಾವಿನ ತೋರಣ ಕಟ್ಟಿದರು. ಹಾಲು ಪೂರ್ವಕ್ಕೆ ಉಕ್ಕಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಫೋಟೋ ತೆಗೆಸಿ, “ಹೊಸ ತರಗತಿಗಳ ಪ್ರವೇಶ. ಇಲಾಖೆಗೆ ಧನ್ಯವಾದಗಳು” ಎಂದು ಬರೆದು ಅಧಿಕಾರಿಗಳೂ ಇರುವ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಯಾರೂ ಹೇಳಿ ಮಾಡಿಸಿದ್ದಲ್ಲ ಅದು.

ಆರು ತಿಂಗಳು ಕಳೆದವು. ಒಂದು ವರ್ಷವಾಯಿತು, ಎರಡಾಯಿತು. ಮಳೆ ಬಂದರೆ ಚಾವಣಿಯ ಸದ್ದಿಗೆ ನನ್ನ ದನಿ ಮೊದಲ ಸಾಲಿಗೂ ಕೇಳುತ್ತಿರಲಿಲ್ಲ. ಬೇಸಿಗೆಯಲ್ಲಿ ಹನ್ನೊಂದು ಗಂಟೆಯ ಮೇಲೆ ಗೋಡೆ ಮುಟ್ಟುವಂತಿರಲಿಲ್ಲ. ಕಾಗುಣಿತದ ಚಾರ್ಟಿನ ಟೇಪು ಮೆತ್ತಗಾಗಿ ಚಾರ್ಟು ತಾನಾಗಿ ಕೆಳಗೆ ಜಾರುತ್ತಿತ್ತು.

“ಮಿಸ್, ಇದು ಇಡ್ಲಿ ಪಾತ್ರೆ ಮಿಸ್,” ಎಂದಳು ಒಬ್ಬಳು. “ನಾವೇ ಇಡ್ಲಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗಬಾರದಿತ್ತು.

ಮೂರನೇ ವರ್ಷದ ಮಾರ್ಚ್, ಗಣಿತದ ಪರೀಕ್ಷೆ. ಸಮಯ ಹನ್ನೆರಡೂವರೆ. ಅದೇ ಇಡ್ಲಿಯ ಹುಡುಗಿ, ಲೆಕ್ಕ ಕೇಳಿದರೆ ಎಲ್ಲರಿಗಿಂತ ಮೊದಲು ಕೈ ಎತ್ತುವವಳು, ಪೆನ್ಸಿಲನ್ನು ಬೆಂಚಿನ ಮೇಲಿಟ್ಟಳು. ಅದು ಕೈಯಿಂದ ಬೀಳಲಿಲ್ಲ, ಅವಳೇ ಇಟ್ಟಳು. ಅದನ್ನು ನಾನು ನೋಡಿದೆ. ಆಮೇಲೆ ತಲೆ ಇಟ್ಟಳು. ನಿದ್ದೆ ಬಂತೇನೋ ಎಂದುಕೊಂಡು, “ಏಳಮ್ಮಾ, ಟೈಮ್ ಆಗುತ್ತೆ,” ಎಂದೆ. ಏಳಲಿಲ್ಲ. ಎತ್ತಿಕೊಂಡಾಗ ಅವಳ ಕುತ್ತಿಗೆ ಸುಡುತ್ತಿತ್ತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ನಾನು ಅವಳ ಹೆಸರು ಕೂಗುತ್ತಲೇ ಇದ್ದೆ. ಸಂಜೆಯ ಹೊತ್ತಿಗೆ ಅವಳು ಕಣ್ಣು ಬಿಟ್ಟು ನೀರು ಕೇಳಿದಳು. ಬದುಕಿದಳು ಎಂಬುದು ನಮ್ಮ ಹೆಚ್ಚುಗಾರಿಕೆಯಲ್ಲ.

ಅವಳ ತಾಯಿ ಗಾರ್ಮೆಂಟ್ಸ್‌ನಿಂದ ಕೊರಳಲ್ಲಿದ್ದ ಗುರುತಿನ ಚೀಟಿ ತೆಗೆಯದೆ ಓಡಿಬಂದರು. ನನ್ನನ್ನು ಬಯ್ಯಲಿಲ್ಲ. “ಮಿಸ್, ಟಿಸಿ ಕೊಟ್ಬಿಡಿ. ಊರಲ್ಲಿ ನಮ್ಮಮ್ಮನ ಹತ್ರ ಬಿಡ್ತೀನಿ. ಆ ಡಬ್ಬಕ್ಕೆ ಇನ್ನೊಂದ್ ದಿನಾನೂ ಕಳ್ಸಲ್ಲ.”

“ಎರಡೇ ದಿನ ಟೈಮ್ ಕೊಡಮ್ಮ,” ಎಂದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಮರುದಿನ ರಜೆ ಹಾಕಿ ಇಲಾಖೆಯ ಕಚೇರಿಗೆ ಹೋದೆ. ಅದೇ ಎಂಜಿನಿಯರು ಫೈಲು ತರಿಸಿದರು. “ನಿಮ್ಮ ಸ್ಕೂಲಿಂದು ಕ್ಲೋಸ್ ಆಗಿದೆಯಲ್ಲ ಮೇಡಂ,” ಎಂದು ಫೈಲನ್ನು ನನ್ನ ಕಡೆ ತಿರುಗಿಸಿದರು.

ಅದರಲ್ಲಿ ನಮ್ಮ ಫೋಟೋ ಇತ್ತು. ತೋರಣ, ಒಲೆ, ಉಕ್ಕುತ್ತಿರುವ ಹಾಲು, ಪಕ್ಕದಲ್ಲಿ ಹಲ್ಲು ಬಿಟ್ಟು ನಿಂತ ನಾನು. ಕೆಳಗೆ ಟೈಪು ಮಾಡಿದ್ದರು: ಹೊಸ ಕೊಠಡಿಗಳು ಉದ್ಘಾಟನೆಗೊಂಡಿವೆ, ಕೊರತೆ ನೀಗಿದೆ.

“ತಾತ್ಕಾಲಿಕ ಅಂತ ನೀವೇ ಹೇಳಿದ್ರಲ್ಲ ಸಾರ್.”

“ತಾತ್ಕಾಲಿಕಕ್ಕೆ ಯಾರಾದ್ರೂ ಹಾಲು ಉಕ್ಕಿಸ್ತಾರಾ ಮೇಡಂ?” ಪಕ್ಕದ ಮೇಜಿನ ಗುಮಾಸ್ತರು ನಕ್ಕರು. “ಬೇಕಾದ್ರೆ ಎರಡು ಫ್ಯಾನ್ ಹಾಕಿಸ್ತೀನಿ,” ಎಂದರು ಎಂಜಿನಿಯರು.

“ಮಗು ಪ್ರಜ್ಞೆ ತಪ್ಪಿ ಬಿದ್ದಿದೆ ಸಾರ್.”

“ಬೇಸಿಗೆ ಮೇಡಂ. ಏನ್ಮಾಡಕ್ಕಾಗುತ್ತೆ?”

ವಾಪಸು ಬರುವಾಗ ಮಾಗಡಿ ರಸ್ತೆಯ ಬಸ್ಸಿನಲ್ಲಿ ಸಿಟ್ಟು ಏರುತ್ತಾ ಬಂತು. ಮಕ್ಕಳಿಗೆ ನ್ಯಾಯವಾಗಿ ಸಿಗಬೇಕಾದದ್ದರ ಕಾಲುಭಾಗ ಕೊಟ್ಟಿದ್ದಕ್ಕೆ ನಾವು ಧನ್ಯವಾದ ಹೇಳಿದ್ದೆವು. ಅವರು ಆ ಧನ್ಯವಾದವನ್ನೇ ರಸೀದಿ ಮಾಡಿಕೊಂಡಿದ್ದರು. ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸಿದವರು ಅಲ್ಲೇ ಸಾಯುತ್ತೇವೆಂದು ಬರೆದುಕೊಟ್ಟಿರುತ್ತಾರೆಯೇ? ಈ ಮಾತು ಕಚೇರಿಯಲ್ಲಿ ನನ್ನ ಬಾಯಿಗೆ ಬರಲಿಲ್ಲ. ಬಸ್ಸಿನಲ್ಲಿ ಬಂತು. ಆ ಸಿಟ್ಟು ನನ್ನ ಮೇಲೂ ಇದೆ.

ನಡೆದದ್ದನ್ನೆಲ್ಲ ಮುಖ್ಯೋಪಾಧ್ಯಾಯಿನಿಗೆ ಹೇಳಿದೆ. ಅವರು, “ನನ್ನ ರೂಮ್ ಆರ್‌ಸಿಸಿ ಅಲ್ವಾ? ನಿಮ್ ಮಕ್ಕಳನ್ನ ಇಲ್ಲಿ ಕೂರ್ಸಿ. ನನ್ನ ಟೇಬಲ್ ಆ ಡಬ್ಬಕ್ಕೆ ಹಾಕ್ಸಿ,” ಎಂದರು. ಬೀರು, ಮೇಜು, ಕುರ್ಚಿಗಳನ್ನು ಅಂದೇ ಎಲ್ಲರೂ ಸೇರಿ ಸಾಗಿಸಿದೆವು. ಉಳಿದ ಪರೀಕ್ಷೆಯನ್ನು ನನ್ನ ಮಕ್ಕಳು ಆ ಕೋಣೆಯ ನೆಲದ ಮೇಲೆ ಒತ್ತೊತ್ತಾಗಿ ಕೂತು ಬರೆದರು.

ಸಾಮಾನು ಸಾಗಿಸಿದ ಮರುದಿನ ಬೆಳಿಗ್ಗೆ ಹುಡುಗಿಯ ತಾಯಿ ಮಗಳನ್ನು ಕರೆತಂದು ಬಾಗಿಲಲ್ಲೇ ನಿಂತರು. ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದರು, ತಲೆಯೆತ್ತಿ ಚಾವಣಿ ನೋಡಿದರು. “ಸರಿ ಮಿಸ್. ಟಿಸಿ ಬೇಡ,” ಎಂದರು. ಮಗಳು ಒಳಗೋಡಿ ಗೆಳತಿಯ ಪಕ್ಕ ತೂರಿಕೊಂಡಳು.

ಅವರು ಹೊರಡಲಿಲ್ಲ. ಎರಡನೇ ತಗಡಿನ ಕೋಣೆಯಲ್ಲಿ ನಾಲ್ಕನೇ ತರಗತಿಯವರು ಪರೀಕ್ಷೆಗೆ ಕೂರುತ್ತಿದ್ದುದನ್ನೇ ನೋಡುತ್ತಿದ್ದರು.

“ಅವ್ರಿಗೆ ಯಾವ ರೂಮ್ ಮಿಸ್?”

“ಇನ್ನು ರೂಮೇ ಇಲ್ಲಮ್ಮ,” ಎಂದೆ. ಇರುವ ಕೋಣೆಗಳೆಲ್ಲ ಮುಗಿದಿದ್ದವು. ಫೈಲಿನ ವಿಷಯ ಅವರಿಗೂ ಹೇಳಿದೆ, ನಾನು ಹಾಕಿದ ಫೋಟೋವನ್ನೂ ಬಿಡದೆ.

ಅವರು ಫೋನ್ ತೆಗೆದು ಗಾರ್ಮೆಂಟ್ಸ್‌ಗೆ ಇವತ್ತು ಬರುವುದಿಲ್ಲವೆಂದು ತಿಳಿಸಿದರು. ಗೇಟಿನ ಬಳಿ ಮಕ್ಕಳನ್ನು ಬಿಡಲು ಬಂದಿದ್ದ ಹೆಂಗಸರ ಕಡೆ ತಿರುಗಿ, “ಏನ್ರೇ, ಯಾರೂ ಹೋಗ್ಬೇಡಿ, ನಿಂತ್ಕೊಳ್ಳಿ,” ಎಂದು ಕೂಗಿದರು. ಆಮೇಲೆ ನನ್ನನ್ನು ಕೇಳಿದರು: “ಆ ಆಫೀಸ್ ಎಷ್ಟೊತ್ತಿಗೆ ತೆಗೀತಾರೆ?”