‘ಎಣ್ಣೆ ರೆಡಿ’ ಎಂಬ ಮೆಸೇಜು

“ನನ್ ಕಡ್ಲೆಬೀಜ ನನ್ ಕಣ್ಮುಂದೇನೇ ಗಾಣದಲ್ಲಿ ಆಡ್ಬೇಕು ಕಣಮ್ಮ. ಅಲ್ಲಿಗಂಟ ಇಲ್ಲಿಂದ ಏಳಲ್ಲ” ಎನ್ನುತ್ತಾ ಆ ಅಜ್ಜಿ ಚೀಲ ಅವುಚಿಕೊಂಡು ಗಾಣದೆದುರು ಕೂತೇಬಿಟ್ಟರು.

ಶಿರಾದ ಆ ಎಣ್ಣೆ ಗಾಣದಲ್ಲಿ ಹೊಸ ಸಾಫ್ಟ್‌ವೇರ್ ಶುರುವಾದ ದಿನವದು. ಬಿಸಿನೆಸ್ ಅನಲಿಸ್ಟ್ ಆದ ನಾನೇ ಅದರ ಯೋಜನೆ ಮಾಡಿದ್ದೆ. ಜನ ಕಡಲೆಬೀಜ ತೂಗಿಸಿ ಕೊಟ್ಟು ಹೋಗುವುದು, ಎಲ್ಲರದನ್ನೂ ಒಟ್ಟಿಗೆ ಆಡಿಸುವುದು, ‘ಎಣ್ಣೆ ರೆಡಿ’ ಎಂಬ ಮೆಸೇಜು ಬಂದಾಗ ಅವರು ಬಂದು ತಮ್ಮ ಪಾಲು ಒಯ್ಯುವುದು. ಯಾರೂ ಕಾಯಬೇಕಿಲ್ಲ ಎಂದು ನಾನು ಬೀಗುತ್ತಿದ್ದರೆ, ಅಜ್ಜಿಯನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಕೂತರು.

ಗಾಣದ ಮಾಲೀಕರು ಗದರಲು ಹೊರಟರು. ನಾನು ಅಡ್ಡ ನಿಂತೆ. “ಬೇಡಿ ಸರ್. ತಮ್ಮ ಬೀಜದ ಎಣ್ಣೇನೇ ಬೇಕು ಅಂತ ತಾನೇ ಇವರು ಬರೋದು? ಎಲ್ಲರದ್ದೂ ಬೆರೆಸಿದ್ರೆ ಅಂಗಡೀಲೇ ಎಣ್ಣೆ ತಗೋತಾರೆ, ನಿಮ್ಮ ಹತ್ರ ಯಾಕೆ ಬರ್ತಾರೆ? ಎರಡು ದಿನ ಕೊಡಿ, ಎಲ್ಲಾ ಬದಲಾಯಿಸ್ತೀನಿ.” ಬದಲಾಯಿಸಿದೆ ಕೂಡ.

ಈಗಲೂ ಮೆಸೇಜು ಹೋಗುತ್ತದೆ: ‘ನಿಮ್ಮ ಬೀಜ ಗಾಣಕ್ಕೆ ಹಾಕುವ ಹೊತ್ತಾಯಿತು, ಬನ್ನಿ.’ ಹೊಸ ಕೆಲಸ ಹಿಡಿದಾಗಲೆಲ್ಲ, ಅಲ್ಲಿನ ಜನ ಯಾವುದರ ಎದುರು ಪಟ್ಟು ಹಿಡಿದು ಕೂರುತ್ತಾರೆಂದು ನೋಡದೆ ನಾನೀಗ ಲ್ಯಾಪ್‌ಟಾಪ್ ತೆರೆಯುವುದಿಲ್ಲ.