ನೀಲವ್ವನ ಒಡಪು

ಐದಾರು ವರ್ಷಗಳ ಹಿಂದಿನ ಮಾತು. ಬಾಗಲಕೋಟೆಯ ಸುತ್ತಮುತ್ತ ಮೈಕು ಹಿಡಿದು ಒಬ್ಬಳೇ ನಿಂತು ನಗಿಸುವ ಹೆಂಗಸು ಆಗ ನಾನೊಬ್ಬಳೇ. ಸ್ಟ್ಯಾಂಡ್-ಅಪ್ ಕಾಮಿಡಿ ಎಂದರೇನೆಂದು ನಮ್ಮತ್ತೆಗೆ ಎಷ್ಟು ಹೇಳಿದರೂ ತಿಳಿಯಲಿಲ್ಲ. "ಮನ್ಯಾಗ ಮಾತಾಡಿದ್ರ ವಟಾವಟಾ, ಅಲ್ಲಿ ಮಾತಾಡಿದ್ರ ಚಪ್ಪಾಳಿ! ಭೇಷ್ ಐತಿ" ಎನ್ನುತ್ತಿದ್ದರು. ಇಳಕಲ್ಲಿನಲ್ಲಿ ಒಬ್ಬ ಹಿರಿಯರು ಎದುರಿಗೇ "ಗಂಡಬೀರಿ" ಎಂದರು. ಮುಂದೆ ಅದೇ ನನ್ನ ಮೊದಲ ಜೋಕಾಯಿತು.

ನನ್ನ ಬಂಡವಾಳ ಒಡಪು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ, ಪ್ರಾಸ ಕಟ್ಟಿ ಹೇಳಬೇಕು. ಪ್ರೇಕ್ಷಕರನ್ನೇ ಮಾತಿಗೆಳೆದು ನಗಿಸುವುದಕ್ಕೆ ನಮ್ಮ ವೃತ್ತಿಯಲ್ಲಿ ಕ್ರೌಡ್ ವರ್ಕ್ ಎನ್ನುತ್ತಾರೆ. ಮುಂದಿನ ಸಾಲಿನ ಹೆಂಗಸೊಬ್ಬಳನ್ನು ಎಬ್ಬಿಸಿ ಒಡಪು ಹೇಳಿಸುತ್ತಿದ್ದೆ; ಆಮೇಲೆ ಆ ಗಂಡನನ್ನು ಹುಡುಕಿ ಕಾಲೆಳೆಯುತ್ತಿದ್ದೆ. ಹಣೆಯ ಕುಂಕುಮ, ಕೈತುಂಬ ಹಸಿರು ಬಳೆ ನೋಡಿಯೇ ಆರಿಸುವುದು. ವಿಧವೆಯರ ಮನಸ್ಸು ನೋಯಬಾರದಲ್ಲ! ಎಷ್ಟು ಎಚ್ಚರದವಳು ನಾನು ಎಂಬ ಹೆಮ್ಮೆ ಬೇರೆ.

ಹುನಗುಂದದ ಒಂದು ಸಂಜೆ ಹಾಗೆ ಎಬ್ಬಿಸಿದ್ದು ನೀಲವ್ವನನ್ನು. ನಲವತ್ತರ ಆಸುಪಾಸು. ಒಲ್ಲೆನೆಂದಳು. ನಾನು ಬಿಡಲಿಲ್ಲ.

"ಇಳಕಲ್ ಸೀರಿಗೆ ಕೆಂಪು ಸೆರಗ, ಬಸವರಾಜರು ಬರತಾರ ಹೊತ್ತು ಮುಳುಗೂದರೊಳಗ" ಎಂದಳು.

ಸಭೆಯಲ್ಲಿ ಕಿಸಿಕಿಸಿ ಎದ್ದಿತು. ಅದನ್ನು ಮೆಚ್ಚುಗೆ ಎಂದುಕೊಂಡೆ.

"ಹೊತ್ತು ಮುಳುಗೇತಲ್ಲವ್ವಾ, ಎಲ್ಲಿ ಅದಾರ ನಿಮ್ಮ ಬಸವರಾಜರು?"

ನೀಲವ್ವ ಥಟ್ಟನೆ ಬಾಗಿಲ ಕಡೆ ತಿರುಗಿದಳು. ಸಭೆ ಬಿದ್ದು ಬಿದ್ದು ನಕ್ಕಿತು. ಏನು ಟೈಮಿಂಗ್ ಇವಳದು ಎಂದು ನಾನೂ ನಕ್ಕೆ.

ವೇದಿಕೆ ಇಳಿದಾಗ ಅವಳ ಗೆಳತಿ ಹಸೀನಾ ನನ್ನನ್ನು ತಡೆದಳು. "ಆಕಿ ಗಂಡ ಇನ್ನೊಬ್ಬಾಕಿ ಕೂಡ ಹೋಗಿ ಮೂರು ವರ್ಷಾತ್ರಿ. ಊರಿಗೆಲ್ಲಾ ಗೊತ್ತೈತಿ. ಜನರ ಬಾಯಿಗೆ ಅಂಜಿ ಹೊಸ್ತಿಲಾ ದಾಟಿದ್ದಿಲ್ಲ. ಒಂದೀಟು ನಗುವಂತಿ ಬಾ ಅಂತ ಇವತ್ತ ನಾನ ಎಳಕೊಂಡು ಬಂದಿದ್ನಿ."

ಹೊರಗೆ ಓಡಿದೆ, ನೀಲವ್ವ ಹೊರಟುಹೋಗಿದ್ದಳು. ಮರುದಿನ ಬಾಗಲಕೋಟೆಯ ನವನಗರದಿಂದ ಮೊದಲ ಬಸ್ಸು ಹಿಡಿದು ಅವಳ ಮನೆಗೆ ಹೋದೆ. ಬೈಯಲಿಲ್ಲ, ಚಹಾ ಕೊಟ್ಟಳು.

"ತಪ್ಪಾತವ್ವಾ. ಊರ ಮುಂದ ನಿನ್ನ ನಗೆಪಾಟಲು ಮಾಡಿದೆ" ಎಂದೆ.

"ಜನಾ ನಗೂದು ಹೊಸದಲ್ಲ ಬಿಡ್ರಿ. ಆದ್ರ ನೀವು ಎಲ್ಲಿ ಅದಾರ ಅಂದ್ರಲ್ಲ, ನಿಮಗ ಕಂಡ್ರೇನೋ ಅಂತ ಖರೇನ ಹೊಳ್ಳಿ ನೋಡಿದ್ನಿ."

ನಾನು ಟೈಮಿಂಗ್ ಎಂದು ಮೆಚ್ಚಿದ್ದು ಅದನ್ನು.

ಈಗ ವೇದಿಕೆಯಲ್ಲಿ ನನ್ನ ಗಂಡನ ಒಡಪನ್ನಷ್ಟೇ ಹೇಳುತ್ತೇನೆ. ಎಲ್ಲರೂ ನಗುವಾಗ ನಗದವರ ಮುಖ ಹುಡುಕಬೇಕೆಂದು ಈ ಕೆಲಸ ಕಲಿಸಿತು, ನೀಲವ್ವನ ಪಾಲಿಗೆ ತಡವಾಗಿ. ಹುನಗುಂದದಲ್ಲಿ ಆಮೇಲೂ ಎಷ್ಟೋ ಕಾರ್ಯಕ್ರಮ ಕೊಟ್ಟೆ. ಹಸೀನಾ ಪ್ರತಿ ಸಲ ಬರುತ್ತಾಳೆ, ಒಬ್ಬಳೇ. ನಾನು ಮಾತಿನ ನಡುವೆ ಬಾಗಿಲ ಕಡೆ ನೋಡುತ್ತಿರುತ್ತೇನೆ.