ಮಸ್ಕಿಯ ಕೆಂಪು ಗುರುತು

ನಾನು ಕೆಲಸ ಮಾಡುವ ಸಂಸ್ಥೆಗೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರು ಊರಲ್ಲೂ ಕಾಲೇಜುಗಳಿವೆ. ಭತ್ತದ ಎಲೆಯ ಫೋಟೊ ನೋಡಿ ರೋಗ ಗುರುತಿಸುವ ಕೆಲಸವೊಂದನ್ನು ನಮ್ಮ ಉಪನ್ಯಾಸಕರು ಕೈಗೆತ್ತಿಕೊಂಡಾಗ, ದೊಡ್ಡ ಯಂತ್ರ ತರುವ ಬದಲು ಮೂರೂ ಕಡೆಯ ಕಂಪ್ಯೂಟರುಗಳನ್ನು ಜೋಡಿಸಿ ಒಂದೇ ಯಂತ್ರದ ಹಾಗೆ ದುಡಿಸುವುದೆಂದಾಯಿತು. ಇಂಥ ಜೋಡಣೆಗೆ ಕ್ಲಸ್ಟರ್ ಎನ್ನುತ್ತಾರೆ. ಅದರ ಉಸ್ತುವಾರಿ ನನ್ನ ಹೆಗಲಿಗೆ ಬಂತು.

ಯಾವ ಯಂತ್ರ ದುಡಿಯುತ್ತಿದೆ, ಯಾವುದು ನಿಂತಿದೆ ಎಂದು ಸಿಂಧನೂರಿನ ಮುಖ್ಯ ಕಚೇರಿಯಲ್ಲಿ ತಾವು ಕೂತಲ್ಲೇ ಕಾಣಬೇಕೆಂದು ಆಡಳಿತಾಧಿಕಾರಿಗಳು ಬಯಸಿದರು. ಅದಕ್ಕೊಂದು ನಿಗಾ ಸಾಫ್ಟ್‌ವೇರ್ ಹಾಕಿದೆ. ಮೊದಲು ಮೂರೂ ಊರಿನ ಯಂತ್ರಗಳು ಒಂದೇ ರಾಶಿಯಾಗಿ ಕಾಣಿಸಿಕೊಂಡವು. ಮಸ್ಕಿಯದು ಯಾವುದು, ಲಿಂಗಸುಗೂರಿನದು ಯಾವುದು ತಿಳಿಯದು. ಊರಿಗೊಂದು ಗುಂಪು ಮಾಡಿ, ಗುಂಪಿಗೊಂದು ಹೆಸರು ಕೊಟ್ಟು, ಒಂದರ ಮಾತು ಇನ್ನೊಂದರ ಕಿವಿಗೆ ಬೀಳದಂತೆ ಬೇರೆ ಬೇರೆ ದಾರಿ ತೋರಿಸುವಷ್ಟರಲ್ಲಿ ನನ್ನ ಕಣ್ಣುಗಳು ಉರಿಯತೊಡಗಿದ್ದವು. ಪ್ರತಿ ಗುಂಪಿನಲ್ಲೂ ಒಂದು ಯಂತ್ರ ಮುಖಂಡ. ಉಳಿದವು ತಮ್ಮ ಸ್ಥಿತಿಯನ್ನು ಅದಕ್ಕೆ ಹೇಳುತ್ತವೆ. ಅದು ಎಲ್ಲರ ಪರವಾಗಿ ಸಿಂಧನೂರಿಗೆ ಹೇಳುತ್ತದೆ. ಊರಿಗೆ ಒಬ್ಬ ಮುಖಂಡ ಸಾಕು, ಗೊಂದಲ ಬೇಡ ಎಂದು ಆಡಳಿತಾಧಿಕಾರಿಗಳೇ ಅಪ್ಪಣೆ ಕೊಟ್ಟಿದ್ದರು. ಅವರ ಕೋಣೆಯ ಗೋಡೆಯ ಟಿವಿಯಲ್ಲಿ ಮೂರು ಹಸಿರು ಗುರುತು ಮೂಡಿದ ದಿನ ಅವರು ಎಲ್ಲರಿಗೂ ಚಹಾ ತರಿಸಿದರು.

ಆಮೇಲೆ ಮಸ್ಕಿ ಆಗಾಗ ಕೆಂಪಾಗತೊಡಗಿತು. ಹೆಚ್ಚಾಗಿ ಭಾನುವಾರವೇ.

ಮಸ್ಕಿಯ ಲ್ಯಾಬ್ ನೋಡಿಕೊಳ್ಳುವವರನ್ನು ನಾವೆಲ್ಲ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆವು. ನನಗಿಂತ ಹಿರಿಯರು, ಮಿತಭಾಷಿ. ಮನೆಯಲ್ಲಿ ಲಕ್ವಾ ಹೊಡೆದು ಮಲಗಿದ ತಾಯಿ, ನೋಡಿಕೊಳ್ಳಲು ಇವರೊಬ್ಬರೇ. ಟಿವಿಯ ಪುಟ ಆಡಳಿತಾಧಿಕಾರಿಗಳ ಮೊಬೈಲಿನಲ್ಲೂ ಕಾಣುತ್ತಿತ್ತು. ಕೆಂಪು ಕಂಡರೆ ಅವರು ನೇರ ಆಪಾಗೆ ಫೋನು ಹಚ್ಚುವರು. ಆಪಾ ತಾಯಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಆಟೊ ಹಿಡಿದು ಬಂದು, ಬೀಗ ತೆಗೆದು ಒಳಗೆ ಹೋದರೆ ಯಂತ್ರಗಳೆಲ್ಲ ಗುಂಯ್ ಎನ್ನುತ್ತಿರುತ್ತಿದ್ದವು. ಒಂದು ಮಾತ್ರ ಆರಿರುತ್ತಿತ್ತು. ಅದನ್ನು ಚಾಲೂ ಮಾಡಿ ಮನೆಗೆ ಹೋಗುವರು. ಸ್ವಲ್ಪ ಹೊತ್ತಿಗೆ ಸಿಂಧನೂರಿನಲ್ಲಿ ಹಸಿರು.

ಸಭೆಯೊಂದರಲ್ಲಿ ಆಡಳಿತಾಧಿಕಾರಿಗಳು ಎಲ್ಲರೆದುರು, "ಮಸ್ಕಿಯಾಗ ಲಕ್ಷ್ಯ ಕೊಡೋರ ಇಲ್ಲ. ಆ ಯಂತ್ರ ಎಲ್ಲಾ ಇಲ್ಲಿಗೇ ತರಸ್ತೀನಿ," ಎಂದರು. ಆಪಾ ತಲೆ ಎತ್ತಲಿಲ್ಲ. ಯಂತ್ರ ಹೋದರೆ ಅವರನ್ನೂ ಸಿಂಧನೂರಿಗೆ ಹಾಕುತ್ತಾರೆ, ದಿನಾ ಬಸ್ಸಿನಲ್ಲಿ ಓಡಾಡಬೇಕು, ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು. ಅದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಸ್ಕಿ ಯಾಕೆ ಕೆಂಪಾಗುತ್ತಿದೆ ಎಂಬುದು ಮಾತ್ರ ನನಗೂ ಆಗ ತಿಳಿದಿರಲಿಲ್ಲ.

ಮರುದಿನ ಮಸ್ಕಿಗೆ ಹೊರಟೆ. ಬಸ್ಸಿನಲ್ಲಿ ಸೀಟಿಲ್ಲ, ಬಾಗಿಲ ಬಳಿ ಯಾರದೋ ಚೀಲಗಳ ನಡುವೆ ಕಾಲೂರಿ ನಿಂತೇ ಹೋದೆ. ಲ್ಯಾಬಿನೊಳಗೆ ಮೇಜಿನ ಕೆಳಗೆ ತೂರಿ ವೈರುಗಳ ಜಾಡು ಹಿಡಿದಾಗ ಕಾರಣ ಸಿಕ್ಕಿತು. ಗೋಡೆಗೆ ಸುಣ್ಣ ಬಳಿದವರು ಯಂತ್ರಗಳನ್ನು ಸರಿಸಿ ಮತ್ತೆ ಇಡುವಾಗ ಮುಖಂಡನ ಪ್ಲಗ್ಗನ್ನು ಇನ್ವರ್ಟರ್ ಇಲ್ಲದ ಲೈನಿಗೆ ಹಾಕಿದ್ದರು. ಕರೆಂಟು ಹೋದರೆ ಅದೊಂದೇ ಆರುತ್ತಿತ್ತು, ಮತ್ತೆ ತಾನಾಗಿ ಏಳುತ್ತಿರಲಿಲ್ಲ. ವಾರದ ದಿನಗಳಲ್ಲಿ ಯಾರಾದರೂ ಗುಂಡಿ ಒತ್ತುವರು. ಭಾನುವಾರ ಯಾರೂ ಇಲ್ಲ. ಉಳಿದವು ದುಡಿಯುತ್ತಲೇ ಇದ್ದವು, ಹೇಳುವವನಿಲ್ಲದೆ ಸಿಂಧನೂರಿನ ಕಣ್ಣಿಗೆ ಸತ್ತಂತಿದ್ದವು.

ಆಪಾರನ್ನು ಕರೆದು ನನ್ನ ಮೊಬೈಲು ಅವರ ಕೈಗೆ ಕೊಟ್ಟೆ. ಮುಖಂಡನ ಪ್ಲಗ್ಗು ಕಿತ್ತೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಮಸ್ಕಿ ಪೂರ್ತಿ ಕೆಂಪಾಯಿತು. ಸುತ್ತ ಯಂತ್ರಗಳು ಬಿಸಿಗಾಳಿ ಬಿಡುತ್ತ ದುಡಿಯುತ್ತಲೇ ಇದ್ದವು. ಅವರು ಒಮ್ಮೆ ಮೊಬೈಲನ್ನು, ಒಮ್ಮೆ ಯಂತ್ರಗಳನ್ನು ನೋಡಿದರು.

"ಹಂಗಾದ್ರ ಕೆಲಸ ಒಂದಿನಾನೂ ನಿಂತಿದ್ದಿಲ್ಲೇನ ತಂಗಿ?"

"ಇಲ್ರೀ ಆಪಾ."

"ಮತ್ತ ನಾ ಯಾತಕ್ಕ ಬರತಿದ್ದೆ?"

ಸಿಟ್ಟಿನಿಂದ ಕೇಳಿದ್ದರೆ ಏನಾದರೂ ಸಮಾಧಾನ ಹೇಳಬಹುದಿತ್ತು. ದಣಿದ ದನಿಯಲ್ಲಿ ಕೇಳಿ, ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ.

ಪ್ಲಗ್ಗು ಸರಿಯಾದ ಲೈನಿಗೆ ಬದಲಿಸಿದೆ. ಮಸ್ಕಿಯ ಗುಂಪಿನಲ್ಲಿ ಇನ್ನೊಂದು ಯಂತ್ರವನ್ನು ಉಪಮುಖಂಡನನ್ನಾಗಿ ಮಾಡಿ, ಉಳಿದವು ಅದಕ್ಕೂ ತಮ್ಮ ಸ್ಥಿತಿ ಹೇಳುವಂತೆ ಬರೆದೆ. ಮೊದಲನೆಯದು ಉತ್ತರಿಸದಿದ್ದರೆ ಸಿಂಧನೂರು ಎರಡನೆಯದನ್ನು ಕೇಳುತ್ತದೆ. ಮತ್ತೆ ಪ್ಲಗ್ಗು ಕಿತ್ತು ತೋರಿಸಿದಾಗ ಒಂದು ಯಂತ್ರ ಮಾತ್ರ ಕೆಂಪಾಗಿ, ಉಳಿದ ಮಸ್ಕಿ ಹಸಿರಾಗಿಯೇ ಇತ್ತು. ಲಿಂಗಸುಗೂರಿಗೂ ಹೋಗಿ ಅದನ್ನೇ ಮಾಡಿ ಸಿಂಧನೂರು ಮುಟ್ಟುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು.

ಆಡಳಿತಾಧಿಕಾರಿಗಳಿಗೆ ನಡೆದದ್ದೆಲ್ಲ ಹೇಳಿದೆ. ಆಪಾರ ತಪ್ಪಿಲ್ಲ ಎಂಬುದನ್ನು ಒತ್ತಿ ಹೇಳಿದೆ. ಅವರು ಟಿವಿ ನೋಡುತ್ತ, "ಈಗ ಹಸರು ಬಂತಲ್ಲ, ಬಿಡ್ರಿ," ಎಂದರು. ಯಂತ್ರ ತರಿಸುವ ಮಾತು ಮತ್ತೆ ಎತ್ತಲಿಲ್ಲ. ಇನ್ನು ಮೇಲೆ ಕೆಂಪು ಕಂಡರೆ ಮೊದಲು ನನಗೇ ಫೋನು ಮಾಡಿ ಎಂದು ಕೇಳಿಕೊಂಡೆ. ಸಂತೋಷದಿಂದ ಒಪ್ಪಿದರು. ಹೀಗೆ ನನ್ನ ಭಾನುವಾರಗಳು ಹೋದವು.

ಆದರೂ ಮುಂದಿನ ಭಾನುವಾರ ಮೊದಲು ಬಂದ ಫೋನು ಆಪಾರದು. ಬಟ್ಟೆ ಒಗೆಯುತ್ತಿದ್ದವಳು ಒದ್ದೆ ಕೈಯಲ್ಲೇ ಎತ್ತಿದೆ. ಯಾರದೂ ಫೋನು ಬಂದಿಲ್ಲ, ಅದಕ್ಕೇ ಜೀವ ತಡೆಯಲಿಲ್ಲ ಎಂದರು.

"ಮಸ್ಕಿ ಹಸರು ಐತೇನ ತಂಗಿ?"

"ಐತ್ರೀ ಆಪಾ. ನೀವು ಮನ್ಯಾಗ ಇರ್ರಿ."

ಅದರ ಮುಂದಿನ ವಾರವೂ ಕೇಳಿದರು. ಈಗಲೂ ಕೇಳುತ್ತಾರೆ.